ಅಕ್ರೋಪೋರಾ ಟ್ಯಾಂಕಿಗೆ ಹ್ಯಾನಾ ಎಚ್‌ಐ772: ಅಂಕಿಗಿಂತ ಅದರ ನಡೆ ನೋಡಿ

ಹ್ಯಾನಾ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಎಚ್‌ಐ772 ಅಂಗೈಯಲ್ಲಿ ಹಿಡಿಸುವ ಪುಟ್ಟ ಯಂತ್ರ. ಸಮುದ್ರನೀರಿನ ಟ್ಯಾಂಕಿನ ಆಲ್ಕಲಿನಿಟಿಯನ್ನು, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿಯನ್ನು, ಡಿಕೆಎಚ್ ಎಂಬ ಅಳತೆಯ ಲೆಕ್ಕದಲ್ಲಿ ತೋರಿಸುವುದೊಂದೇ ಅದರ ಕೆಲಸ. ಒಂದು ಗುಂಡಿ, ಒಂದು ಎಎಎ ಸೆಲ್, ಗಾಜಿನ ಸಣ್ಣ ಸೀಸೆ ಇಳಿಸುವ ಒಂದು ಗುಳಿ, ಇಷ್ಟೇ. 0ಯಿಂದ 20 ಡಿಕೆಎಚ್‌ವರೆಗೆ ಅಳೆಯುತ್ತದೆ, 0.1ರ ಹೆಜ್ಜೆಯಲ್ಲಿ ತೋರಿಸುತ್ತದೆ. ಅಮೆರಿಕದ ಅಂಗಡಿಗಳಲ್ಲಿ ಸುಮಾರು 50ರಿಂದ 70 ಡಾಲರ್ ಕೊಡಬೇಕಾಗುತ್ತದೆ. ಜೊತೆಗೆ ಬರುವ ರೀಏಜೆಂಟ್ (ಅಳೆಯುವಾಗ ನೀರಿಗೆ ಬೆರೆಸುವ ದ್ರವ) ಬಾಟಲಿ 25 ಪರೀಕ್ಷೆಗೆ ಸಾಕು, ಆಮೇಲೆ ಅದನ್ನು ಬೇರೆಯಾಗಿ ಕೊಳ್ಳುತ್ತಿರಬೇಕು.

ತೀರ್ಪು ಮೊದಲೇ ಹೇಳಿಬಿಡೋಣ. ಅಕ್ರೋಪೋರಾ ಅನ್ನುವ ಕೊಂಬೆಕೊಂಬೆಯ ಕಲ್ಲುಹವಳ ಇಟ್ಟವರು ಕಣ್ಣುಮುಚ್ಚಿ ಕೊಳ್ಳಬಹುದು. ಲೆದರ್ ಹವಳ, ಮಶ್ರೂಮ್, ಜೊವಾಂಥಸ್ ತರದ ಮೆತ್ತನೆಯ ಹವಳಗಳು ಮಾತ್ರ ಇರುವ ಟ್ಯಾಂಕಿಗೆ ಇದು ದುಂದು. ಅಲ್ಲಿಗೆ ಹನಿ ಎಣಿಸುವ ಅಗ್ಗದ ಕಿಟ್ ಸಾಕು. ಇನ್ನು, ತೆರೆಯ ಮೇಲೆ ಬಂದ 8.2 ಅನ್ನು ವೇದವಾಕ್ಯ ಅಂದುಕೊಂಡು ಆ ಕ್ಷಣವೇ ಟ್ಯಾಂಕಿಗೆ ಏನಾದರೂ ಸುರಿಯುವ ಸ್ವಭಾವದವರು ಇದನ್ನು ಕೊಳ್ಳದಿರುವುದೇ ವಾಸಿ.

ಅಕ್ರೋಪೋರಾಕ್ಕೇ ಯಾಕೆ ಇಷ್ಟು ಉಪಚಾರ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಹವಳದ ಪ್ರತಿ ಕೊಂಬೆಯ ತುದಿಯಲ್ಲೂ ಒಂದು ಮುಖ್ಯ ಪಾಲಿಪ್ (ಹವಳವನ್ನು ಕಟ್ಟುವ ಪುಟ್ಟ ಜೀವಿ) ಇರುತ್ತದೆ. ಕೊಂಬೆ ಉದ್ದವಾಗುವುದು ಅದರಿಂದ, ಬದಿಯ ಪಾಲಿಪ್‌ಗಳು ಅದರ ಮಗ್ಗುಲಲ್ಲಿ ಮೂಡುತ್ತವೆ. ಅಸ್ಥಿಪಂಜರ ಕಟ್ಟಲು ಬೇಕಾದ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಎರಡನ್ನೂ ನೀರಿನಿಂದಲೇ ಎಳೆದುಕೊಳ್ಳಬೇಕು. ಲೆಕ್ಕ ಹೀಗಿದೆ: 2.8 ಡಿಕೆಎಚ್ ಖರ್ಚಾದಾಗ ಕ್ಯಾಲ್ಸಿಯಂ ಇಳಿಯುವುದು 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಪಾಲು) ಮಾತ್ರ. ಟ್ಯಾಂಕಿನಲ್ಲಿ ಕ್ಯಾಲ್ಸಿಯಂ 420, ಆಲ್ಕಲಿನಿಟಿ 8 ಇದೆ ಅಂತಿಟ್ಟುಕೊಳ್ಳಿ. 20 ಪಿಪಿಎಂ ಹೋದರೆ ಕ್ಯಾಲ್ಸಿಯಂನಲ್ಲಿ ಶೇ. 5ರಷ್ಟೂ ಕಡಿಮೆಯಾಗಿರುವುದಿಲ್ಲ. ಅಷ್ಟರೊಳಗೆ ಆಲ್ಕಲಿನಿಟಿ ಮೂರನೇ ಒಂದು ಪಾಲು ಕರಗಿ 5.2ಕ್ಕೆ ಬಂದಿರುತ್ತದೆ. ಕ್ಯಾಲ್ಸಿಯಂ ವಾರಕ್ಕೊಮ್ಮೆ ನೋಡಿದರೂ ನಡೆಯುತ್ತದೆ, ಆಲ್ಕಲಿನಿಟಿ ಹಾಗೆ ಕಾಯುವುದಿಲ್ಲ ಅನ್ನುವುದು ಇದಕ್ಕೇ. ಕಲ್ಲುಹವಳ ತುಂಬಿದ ಟ್ಯಾಂಕು ದಿನಕ್ಕೆ 1ರಿಂದ 2 ಡಿಕೆಎಚ್ ನುಂಗುವುದೂ ಉಂಟು.

ಸಮುದ್ರದಲ್ಲಿ ಇದು ಸುಮಾರು 7 ಡಿಕೆಎಚ್. ಮನೆಯ ಟ್ಯಾಂಕುಗಳಲ್ಲಿ 7ರಿಂದ 9ರ ನಡುವೆ ಎಲ್ಲಿಟ್ಟರೂ ಅಕ್ರೋಪೋರಾ ಬದುಕುತ್ತದೆ. ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಹತ್ತಿರ ಇರುವವರು ಕೆಳಗಿನ ತುದಿಯಲ್ಲಿ, ಅಂದರೆ 7ರಿಂದ 8ರೊಳಗೆ ಇರುವುದು ಕ್ಷೇಮ. ನೀರಲ್ಲಿ ಪೋಷಕಾಂಶ ಇಲ್ಲದೆ ಆಲ್ಕಲಿನಿಟಿ 10, 11ಕ್ಕೆ ಏರಿದರೆ ಕೊಂಬೆಯ ತುದಿಗಳು ಸುಡುತ್ತವೆ. ಹೊಸಬರು ಇದನ್ನು ಬೆಳವಣಿಗೆ ಅಂತ ತಿಳಿದು ಖುಷಿಪಡುತ್ತಾರೆ, ಯಾಕೆಂದರೆ ಬೆಳೆಯುವ ತುದಿಯೂ ಬಿಳಿಯೇ. ಫೋನಿನ ಮ್ಯಾಕ್ರೋ ಲೆನ್ಸ್ ಹಾಕಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಬೆಳೆಯುತ್ತಿರುವ ತುದಿ ತಿಳಿಬಣ್ಣದ್ದಾದರೂ ಅದರ ಮೇಲೆ ತೆಳು ಮಾಂಸದ ಹೊದಿಕೆ ಇರುತ್ತದೆ, ಮೈ ನುಣುಪಾಗಿ ತುಸು ಒದ್ದೆ ಹೊಳಪಿನಲ್ಲಿರುತ್ತದೆ, ತುದಿಯ ಪಾಲಿಪ್‌ನ ದುಂಡು ಬಾಯಿ ಕಾಣುತ್ತದೆ. ಸುಟ್ಟ ತುದಿಯಲ್ಲಿ ಹೊದಿಕೆಯೇ ಇಲ್ಲ. ಒರಟು ಸುಣ್ಣದ ಜಾಲರಿ ಬೋಳಾಗಿ ನಿಂತಿರುತ್ತದೆ, ನಾಲ್ಕಾರು ದಿನಕ್ಕೆ ಅದರ ಮೇಲೆ ಹಸಿರು ಅಥವಾ ಕಂದು ಪಾಚಿ ಹತ್ತುತ್ತದೆ. ಪಾಚಿ ಹತ್ತಿದ ತುದಿ ಮತ್ತೆ ಬೆಳೆಯಬೇಕಾದರೆ ಮಾಂಸ ಕೆಳಗಿನಿಂದ ಹತ್ತಿ ಬರಬೇಕು.

ಆದರೆ ಹೆಚ್ಚಿನ ಅಕ್ರೋಪೋರಾಗಳನ್ನು ಕೊಲ್ಲುವುದು ಏರಿಳಿತ. 7.5ರಲ್ಲಿ ಅಲುಗದೆ ನಿಂತ ಟ್ಯಾಂಕಿನ ಹವಳ ಚೆನ್ನಾಗಿರುತ್ತದೆ, 9ರಲ್ಲಿ ನಿಂತದ್ದೂ ಚೆನ್ನಾಗಿರುತ್ತದೆ. ಈ ವಾರ 7, ಮುಂದಿನ ವಾರ 9, ಮತ್ತೆ 7 ಅಂತ ಓಡಾಡುವ ಟ್ಯಾಂಕಿನಲ್ಲಿ ಬುಡದಿಂದ ಮಾಂಸ ಕಳಚುವುದು ಶುರುವಾಗುತ್ತದೆ. ಹಾಗಾಗಿ ಈ ಹವಳ ಸಾಕುವವರಿಗೆ ಬೇಕಾದದ್ದು ವಾರಕ್ಕೆ ಎರಡು ಮೂರು ಸಲ, ಬೇಸರವಿಲ್ಲದೆ, ಒಂದೇ ಬಗೆಯಲ್ಲಿ ಅಳೆಯುವ ಸಾಧನ. ಎಚ್‌ಐ772 ಗೆಲ್ಲುವುದು ಇಲ್ಲಿ.

ಅಳೆಯುವ ಬಗೆ

ಗುಂಡಿ ಒತ್ತಿದರೆ ತೆರೆಯ ಮೇಲೆ ಸಿ1 ಬರುತ್ತದೆ. ಸೀಸೆಗೆ ಟ್ಯಾಂಕಿನ ನೀರು 10 ಮಿ.ಲೀ. ತುಂಬಿ, ಮುಚ್ಚಳ ಹಾಕಿ, ಒರೆಸಿ, ಗುಳಿಯಲ್ಲಿ ಇಳಿಸಿ ಗುಂಡಿ ಒತ್ತಬೇಕು. ಯಂತ್ರ ಅದನ್ನು ಸೊನ್ನೆಯಾಗಿ ಇಟ್ಟುಕೊಂಡು ಸಿ2 ಕೇಳುತ್ತದೆ. ಅದೇ ಸೀಸೆಯನ್ನು ತೆಗೆದು, ಸಿರಿಂಜಿನಿಂದ 1 ಮಿ.ಲೀ. ರೀಏಜೆಂಟ್ ಹಾಕಿ, ಮುಚ್ಚಿ, ಐದು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಮತ್ತೆ ಇಳಿಸಿ ಗುಂಡಿ ಒತ್ತಿದರೆ ಉತ್ತರ ಬರುತ್ತದೆ. ಕಾಯುವ ಹೊತ್ತಿಲ್ಲ. ಕೈ ಪಳಗಿದರೆ ಎರಡು ನಿಮಿಷದ ಕೆಲಸ. ಫಾಸ್ಫೇಟ್ ಅಳೆಯುವ ಯಂತ್ರಗಳಲ್ಲಿ ಪುಡಿ ಪೊಟ್ಟಣ ಹರಿದು, ಕುಲುಕಿ, ಕಾದು ಕೂರುವ ಸಂಕಟ ಇದರಲ್ಲಿ ಇಲ್ಲ.

ರೀಏಜೆಂಟ್‌ನಲ್ಲಿ ಇರುವುದು ಆಮ್ಲ ಮತ್ತು ಬಣ್ಣ. ನೀರಿನ ಕ್ಷಾರ ಆಮ್ಲವನ್ನು ತಿಂದು ಉಳಿದದ್ದರ ಮೇಲೆ ಬಣ್ಣ ಹಳದಿಯಿಂದ ಹಸಿರು, ಹಸಿರಿನಿಂದ ನೀಲಿಯ ಕಡೆ ಹೋಗುತ್ತದೆ. ನೀಲಿ ಗಾಢವಾದಷ್ಟೂ ಯಂತ್ರ ಸೀಸೆಯ ಮೂಲಕ ಹಾಯಿಸುವ ಬೆಳಕು ಕಡಿಮೆ ದಾಟುತ್ತದೆ, ಅಂಕಿ ಹೆಚ್ಚು ಬರುತ್ತದೆ. ಇದು ತಲೆಯಲ್ಲಿದ್ದರೆ ತಪ್ಪುಗಳೆಲ್ಲ ಯಾವ ದಿಕ್ಕಿಗೆ ವಾಲುತ್ತವೆ ಅನ್ನುವುದು ತಾನೇ ತಿಳಿಯುತ್ತದೆ.

ನೀರು 10ರ ಬದಲು 9.5 ಮಿ.ಲೀ. ಇದ್ದರೆ ಕ್ಷಾರ ಶೇ. 5 ಕಡಿಮೆ, ಅಂಕಿಯೂ ಸುಮಾರು ಅಷ್ಟೇ ಕಡಿಮೆ: 8 ಇರಬೇಕಾದದ್ದು 7.6. ರೀಏಜೆಂಟ್ ಕಡಿಮೆ ಬಿದ್ದರೆ ಉಲ್ಟಾ, ಆಮ್ಲ ಸಾಲದೆ ಅಂಕಿ ಮೇಲೇರುತ್ತದೆ. ಸೀಸೆಯ ಗೆರೆ ನೋಡಿ ತುಂಬುವುದಕ್ಕಿಂತ ಮೆಡಿಕಲ್ ಶಾಪಿನಲ್ಲಿ ಸಿಗುವ 10 ಮಿ.ಲೀ. ಸಿರಿಂಜು, ಸೂಜಿಯಿಲ್ಲದ್ದು, ಇಟ್ಟುಕೊಂಡರೆ ಪ್ರತಿ ಸಲವೂ ಒಂದೇ ಅಳತೆ ಬರುತ್ತದೆ. ಈ ಒಂದು ಬದಲಾವಣೆಯಿಂದಲೇ ಅಂಕಿಗಳ ಚೆಲ್ಲಾಟ ಅರ್ಧ ನಿಲ್ಲುತ್ತದೆ.

ರೀಏಜೆಂಟ್ ಸಿರಿಂಜಿನಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ತುದಿಗೆ ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ ಎಳೆದಾಗ ಕಪ್ಪು ರಬ್ಬರಿನ ಕೆಳಗೆ ಒಂದಿಷ್ಟು ಗಾಳಿ ನಿಲ್ಲುತ್ತದೆ. ಅದನ್ನು ಕಂಡು ಗಾಬರಿಯಾಗಿ ಗಾಳಿ ಹೊರಗೆ ತಳ್ಳಿ ಮತ್ತೆ ತುಂಬಿಸಬೇಡಿ. ಆ ಗಾಳಿ ಮೊದಲು ನಳಿಗೆಯೊಳಗೆ ಇದ್ದದ್ದು. ಕೊನೆಗೆ ಸಿರಿಂಜನ್ನು ಪೂರ್ತಿ ಒತ್ತಿದಾಗ ಅದು ಮತ್ತೆ ನಳಿಗೆಯಲ್ಲೇ ಉಳಿಯುತ್ತದೆ, ಹೊರಬೀಳುವ ದ್ರವ ಸರಿಯಾಗಿ 1 ಮಿ.ಲೀ. ಆದ್ದರಿಂದ ಓದಬೇಕಾದದ್ದು ರಬ್ಬರಿನ ಅಂಚನ್ನು, ದ್ರವದ ಮಟ್ಟವನ್ನಲ್ಲ. ಸಿರಿಂಜಿನ ಬಾಯಿ ಸದಾ ಕೆಳಮುಖವಾಗಿರಲಿ. ದ್ರವದ ನಡುವೆ ಗುಳ್ಳೆ ಸಿಕ್ಕಿಕೊಂಡಿದ್ದರೆ ಮಾತ್ರ ಖಾಲಿ ಮಾಡಿ ಮತ್ತೆ ಎಳೆಯಿರಿ.

ಗಾಜಿನ ಒಳಮೈಗೆ ಅಂಟಿದ ಗುಳ್ಳೆ, ಹೊರಮೈಯ ಬೆರಳಚ್ಚು, ಉಪ್ಪಿನ ಹನಿ ಒಣಗಿದ ಕಲೆ, ಇವು ಬೆಳಕನ್ನು ಚದುರಿಸುತ್ತವೆ. ಸಿ1 ಆದ ಮೇಲೆ ಬೆರಳಚ್ಚು ಬಿದ್ದರೆ ಅಂಕಿ ಹೆಚ್ಚು. ಸಿ1ರಲ್ಲೇ ಇದ್ದ ಕಲೆಯನ್ನು ಸಿ2ಕ್ಕೆ ಮೊದಲು ಒರೆಸಿದರೆ ಅಂಕಿ ಕಡಿಮೆ. ಎರಡು ಸಲವೂ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ಸೀಸೆಯ ಗೆರೆ ಒಂದೇ ದಿಕ್ಕಿಗೆ ಬರುವಂತೆ ಇಳಿಸಿ. ಜೋರಾಗಿ ಕುಲುಕಿದರೆ ಗುಳ್ಳೆ ತುಂಬುತ್ತದೆ, ಅದಕ್ಕೇ ತಲೆಕೆಳಗು ಮಾಡಿ ಅನ್ನುವುದು. ಕೆಲಸ ಮುಗಿದ ಕೂಡಲೇ ಆರ್‌ಒ ನೀರಿನಲ್ಲಿ ಮೂರು ಸಲ ತೊಳೆಯಿರಿ. ಮುಂದಿನ ಸಲ ಅಳೆಯುವ ಮುನ್ನ ಟ್ಯಾಂಕಿನ ನೀರಿನಲ್ಲೇ ಒಮ್ಮೆ ಗಲಬರಿಸಿ ಚೆಲ್ಲಿ. ಮುಚ್ಚಳದ ಸಂದಿಯಲ್ಲಿ ಉಳಿದ ಹಳೆಯ ಆಮ್ಲವೂ ಅಂಕಿಯನ್ನು ಕೆಳಗೆ ಎಳೆಯುತ್ತದೆ.

8.0 ಅಂದರೆ ಎಷ್ಟು?

ಕಂಪನಿಯೇ ಕೊಟ್ಟಿರುವ ನಿಖರತೆ: ±0.3 ಡಿಕೆಎಚ್, ಅದರ ಮೇಲೆ ಓದಿದ ಅಂಕಿಯ ±5 ಶೇಕಡ. 8.0 ಬಂದರೆ 0.3 ಮತ್ತು 0.4 ಸೇರಿ 0.7. ಅಂದರೆ ನಿಜವಾದ ಆಲ್ಕಲಿನಿಟಿ 7.3 ಇರಬಹುದು, 8.7 ಇರಬಹುದು. ಇದು ಪೆಟ್ಟಿಗೆಯೊಳಗಿನ ಕಾಗದದಲ್ಲೇ ಅಚ್ಚಾಗಿದೆ, ಆದರೂ ಓದುವವರು ಕಡಿಮೆ. ದಶಮಾಂಶ ಕಂಡ ಕೂಡಲೇ ನಂಬಿಕೆ ಬಂದುಬಿಡುತ್ತದೆ. ಗೆಳೆಯನ ಯಂತ್ರ 8.4 ತೋರಿಸಿತು, ನನ್ನದು 7.9 ತೋರಿಸಿತು, ಯಾವುದು ಕೆಟ್ಟಿದೆ ಅಂತ ಕೇಳುವವರಿಗೆ ಉತ್ತರ: ಯಾವುದೂ ಕೆಟ್ಟಿಲ್ಲ.

ಆದರೆ ಒಂದೇ ಯಂತ್ರ, ಒಂದೇ ಬಾಟಲಿ, ಒಂದೇ ಸೀಸೆ, ಒಂದೇ ಕೈ ಆದಾಗ ತಪ್ಪೂ ಹೆಚ್ಚುಕಡಿಮೆ ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ಇರುತ್ತದೆ. ಸೋಮವಾರ 8.0, ಗುರುವಾರ 7.4 ಬಂತು ಅಂದರೆ ನಿಜದಲ್ಲಿ 8.5ರಿಂದ 7.9ಕ್ಕೆ ಇಳಿದಿರಬಹುದು, ಆದರೆ 0.6 ಇಳಿದದ್ದಂತೂ ಹೌದು. ಅಕ್ರೋಪೋರಾಕ್ಕೆ ಬೇಕಾದ ಸುದ್ದಿ ಅದೇ. ಒಂದೇ ನೀರನ್ನು ಬೆನ್ನುಬೆನ್ನಿಗೆ ಮೂರು ಸಲ ಅಳೆದು ನೋಡಿ. 0.2ರೊಳಗೆ ಬಂದರೆ ಕೈ ಪಳಗಿದೆ. 0.5 ಅತ್ತಿತ್ತ ಆಗುತ್ತಿದ್ದರೆ ಯಂತ್ರವನ್ನು ಬೈಯುವ ಮುನ್ನ ಸಿರಿಂಜು, ಗಾಜು ನೋಡಿಕೊಳ್ಳಿ.

ಅಪಾಯ ಇರುವುದು ಬಾಟಲಿ ಬದಲಾಗುವ ದಿನ. ಹೊಸ ಬಾಟಲಿ ಹಳೆಯದಕ್ಕಿಂತ ಸ್ವಲ್ಪ ಬೇರೆ ಓದಿದರೆ, ಟ್ಯಾಂಕಿನಲ್ಲಿ ಏನೂ ಆಗದಿದ್ದರೂ ಅಂಕಿ ಬರೆದಿಡುವ ಪುಸ್ತಕದಲ್ಲಿ 0.4 ಜಿಗಿತ ಕಾಣುತ್ತದೆ. ಅದನ್ನು ನಂಬಿ ಡೋಸ್ (ಖರ್ಚಾದ ಆಲ್ಕಲಿನಿಟಿ ತುಂಬಲು ಟ್ಯಾಂಕಿಗೆ ದಿನವೂ ಹಾಕುವ ಸೋಡಾ) ತಿದ್ದಿದರೆ ಇಲ್ಲದ ಏರಿಳಿತವನ್ನು ನಾವೇ ಉಂಟುಮಾಡಿದ ಹಾಗೆ. ಆದ್ದರಿಂದ ಹಳೆಯ ಬಾಟಲಿಯಲ್ಲಿ ಎರಡು ಪರೀಕ್ಷೆಗೆ ಆಗುವಷ್ಟು ಉಳಿದಿರುವಾಗಲೇ ಹೊಸದನ್ನು ತೆರೆಯಿರಿ. ಒಂದೇ ಲೋಟದ ನೀರನ್ನು ಎರಡೆರಡು ಸಲ ಎರಡರಲ್ಲೂ ಅಳೆದು, ವ್ಯತ್ಯಾಸವನ್ನು ಬಾಟಲಿಯ ಮೇಲೆಯೇ ಪೆನ್ನಿನಲ್ಲಿ ಬರೆದಿಡಿ, ತೆರೆದ ತಾರೀಖಿನ ಜೊತೆಗೆ.

ಹ್ಯಾನಾ ಎಚ್‌ಐ772-11 ಅನ್ನುವ ತಪಾಸಣೆ ಸೀಸೆಗಳನ್ನೂ ಮಾರುತ್ತದೆ. ಅವು ಯಂತ್ರದ ದೀಪ, ಬೆಳಕು ಹಿಡಿಯುವ ಭಾಗ ಸರಿಯಿದೆಯೇ ಅಂತ ಮಾತ್ರ ಹೇಳುತ್ತವೆ. ರೀಏಜೆಂಟ್ ಹಳಸಿದ್ದರೆ ಅವಕ್ಕೆ ಗೊತ್ತಾಗುವುದಿಲ್ಲ, ಯಾಕೆಂದರೆ ಆ ಪರೀಕ್ಷೆಯಲ್ಲಿ ರೀಏಜೆಂಟ್ ಬಳಸುವುದೇ ಇಲ್ಲ. ರೀಏಜೆಂಟ್ ಪರೀಕ್ಷಿಸಲು ಮನೆಯಲ್ಲೇ ದಾರಿ ಇದೆ. 12 ಗ್ರಾಂ ಅಡುಗೆ ಸೋಡಾವನ್ನು ಆರ್‌ಒ ನೀರಿನಲ್ಲಿ ಕರಗಿಸಿ ಒಟ್ಟು 1 ಲೀಟರ್ ಮಾಡಿ. ಟ್ಯಾಂಕಿನಿಂದ 1 ಲೀಟರ್ ನೀರು ಜಗ್ಗಿಗೆ ತೆಗೆದುಕೊಂಡು ಅಳೆಯಿರಿ. ಆ ಜಗ್ಗಿಗೆ ಈ ದ್ರಾವಣ 5 ಮಿ.ಲೀ. ಹಾಕಿ ಕಲಸಿ ಮತ್ತೆ ಅಳೆಯಿರಿ. ಏರಬೇಕಾದದ್ದು 2 ಡಿಕೆಎಚ್. 1.8ರಿಂದ 2.2ರೊಳಗೆ ಏರಿದರೆ ರೀಏಜೆಂಟ್ ಆರೋಗ್ಯವಾಗಿದೆ. 1.5ರಲ್ಲೇ ನಿಂತರೆ ಇನ್ನೊಮ್ಮೆ ಮಾಡಿ, ಮತ್ತೂ ಹಾಗೇ ಬಂದರೆ ಬಾಟಲಿ ಬಿಸಾಕಿ. ತೂಗಲು 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು, ಹಿಟ್ಟು ತೂಗುವ ಅಡುಗೆಮನೆಯ ತಕ್ಕಡಿ ಸಾಲದು. ಕೇಕಿಗೆ ಹಾಕುವ ಬೇಕಿಂಗ್ ಪೌಡರ್ ಬೇರೆ, ಅದರಲ್ಲಿ ಆಮ್ಲ ಮತ್ತು ಪಿಷ್ಟ ಬೆರೆತಿರುತ್ತದೆ, ಅದನ್ನು ತರಬೇಡಿ. ಸೋಡಾ ದ್ರಾವಣವನ್ನು ಬಿಗಿಯಾಗಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಅದರಿಂದ ಇಂಗಾಲದ ಡೈಆಕ್ಸೈಡ್ ಹಾರಿಹೋದರೂ ಆಲ್ಕಲಿನಿಟಿ ಬದಲಾಗುವುದಿಲ್ಲ, ನೀರು ಆವಿಯಾಗದಿದ್ದರೆ ಸಾಕು.

ಬರೀ ಆರ್‌ಒ ನೀರಿಗೆ ಸೋಡಾ ಹಾಕಿ 8 ಡಿಕೆಎಚ್ ಮಾಡಿ ಈ ಯಂತ್ರದಲ್ಲಿ ಅಳೆದು, ತಪ್ಪು ತೋರಿಸುತ್ತಿದೆ ಅಂತ ದೂರುವವರಿದ್ದಾರೆ. ಇದನ್ನು ಉಪ್ಪುನೀರಿಗೆಂದೇ ಹೊಂದಿಸಿದ್ದಾರೆ. ಉಪ್ಪಿಲ್ಲದ ನೀರಿನಲ್ಲಿ ಬಣ್ಣದ ವರ್ತನೆ ಬೇರೆ. ಮೇಲಿನ ಪರೀಕ್ಷೆಯನ್ನು ಟ್ಯಾಂಕಿನ ನೀರಿನಲ್ಲೇ ಮಾಡಬೇಕು ಅನ್ನುವುದು ಅದಕ್ಕೇ.

ಅಂಕಿಯಿಂದ ಡೋಸಿಗೆ

ಅಳೆಯುವ ಹೊತ್ತು ಒಂದೇ ಇರಲಿ. ದೀಪ ಹೊತ್ತುವ ಮುನ್ನ, ಅವತ್ತಿನ ಡೋಸ್ ಬೀಳುವ ಮುನ್ನ ಒಳ್ಳೆಯದು. ಹವಳ ಹಗಲಿನಲ್ಲಿ ಹೆಚ್ಚು ಕಟ್ಟುತ್ತದೆ, ಹಾಗಾಗಿ ಬೆಳಗ್ಗೆ ಅಳೆದದ್ದನ್ನೂ ಸಂಜೆ ಅಳೆದದ್ದನ್ನೂ ಹೋಲಿಸುವುದರಲ್ಲಿ ಅರ್ಥವಿಲ್ಲ. ಅದಕ್ಕೂ ಮೊದಲು ಉಪ್ಪಿನಂಶ ನೋಡಿ. 35 ಪಿಪಿಟಿ (ಸಾವಿರದಲ್ಲಿ 35 ಪಾಲು) ಇದ್ದದ್ದು 33ಕ್ಕೆ ಇಳಿದಿದ್ದರೆ ಆಲ್ಕಲಿನಿಟಿಯೂ ಜೊತೆಯಲ್ಲಿ ಸುಮಾರು 0.5 ಇಳಿದಿರುತ್ತದೆ. ಅಲ್ಲಿ ತಿದ್ದಬೇಕಾದದ್ದು ಉಪ್ಪನ್ನು, ಸೋಡಾವನ್ನಲ್ಲ.

ದಿನದ ಖರ್ಚು ತಿಳಿಯಲು ಒಂದು ದಿನದ ಅಂತರ ಸಾಲದು. 0.3 ಇಳಿಕೆಯನ್ನು 0.2 ಅತ್ತಿತ್ತ ಆಗುವ ಅಳತೆಯಲ್ಲಿ ಹಿಡಿಯಲಾಗುವುದಿಲ್ಲ. ಡೋಸ್ ನಿಲ್ಲಿಸಿ ಮೂರು ದಿನ ಬಿಡಿ, ಅಷ್ಟರೊಳಗೆ ಒಟ್ಟು ಇಳಿಕೆ 1 ದಾಟುವಂತಿದ್ದರೆ ಅದಕ್ಕೂ ಮುನ್ನವೇ ಡೋಸ್ ಮತ್ತೆ ಶುರುಮಾಡಿ. ಸೋಮವಾರ 8.4, ಗುರುವಾರ 7.5 ಅಂದರೆ ದಿನಕ್ಕೆ 0.3. ಈಗ ಲೆಕ್ಕ ಸುಲಭ: 100 ಲೀಟರ್ ನೀರಿಗೆ 1 ಡಿಕೆಎಚ್ ಏರಿಸಲು 3 ಗ್ರಾಂ ಅಡುಗೆ ಸೋಡಾ. ಟ್ಯಾಂಕು, ಅದರ ಕೆಳಗಿನ ತೊಟ್ಟಿ (ಸಂಪ್) ಸೇರಿ 200 ಲೀಟರ್ ನೀರಿದ್ದರೆ ದಿನಕ್ಕೆ 1.8 ಗ್ರಾಂ. ಇಲ್ಲಿ ನೀರು ಅಂದರೆ ನಿಜವಾದ ನೀರು. ಕಲ್ಲು, ಮರಳು ತಿಂದ ಜಾಗ ಕಳೆಯಬೇಕು, ಪೆಟ್ಟಿಗೆಯ ಮೇಲೆ 200 ಲೀಟರ್ ಅಂತ ಬರೆದ ಟ್ಯಾಂಕಿನಲ್ಲಿ ಅಷ್ಟು ನೀರು ಎಂದೂ ಇರುವುದಿಲ್ಲ.

ಡೋಸನ್ನು ತಾನೇ ಹನಿಸುವ ಡೋಸಿಂಗ್ ಪಂಪ್ ಇರುವವರು ರಸಾಯನಶಾಸ್ತ್ರಜ್ಞ ರ‍್ಯಾಂಡಿ ಹೋಮ್ಸ್-ಫಾರ್ಲೆ ಅವರ ಹಳೆಯ ಪಾಕವನ್ನೇ ಇಂದಿಗೂ ಬಳಸುತ್ತಾರೆ: 594 ಗ್ರಾಂ ಅಡುಗೆ ಸೋಡಾವನ್ನು ಓವನ್‌ನಲ್ಲಿ ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಹುರಿದು, ಆರ್‌ಒ ನೀರಿನಲ್ಲಿ ಕರಗಿಸಿ ಒಟ್ಟು ಒಂದು ಅಮೆರಿಕನ್ ಗ್ಯಾಲನ್ ಮಾಡುವುದು. ಲೀಟರ್ ಲೆಕ್ಕದಲ್ಲಿ 157 ಗ್ರಾಂ, ತೂಕ ಹುರಿಯುವ ಮುನ್ನಿನದು. ಹುರಿದಾಗ ಅದು ಸೋಡಿಯಂ ಕಾರ್ಬೊನೇಟ್ ಆಗುತ್ತದೆ, ಟ್ಯಾಂಕಿನ ಪಿಎಚ್ ತುಸು ಮೇಲೆತ್ತುತ್ತದೆ. 200 ಲೀಟರಿಗೆ 1 ಡಿಕೆಎಚ್ ಬೇಕಾದರೆ ಇದು 38 ಮಿ.ಲೀ.; ಮೇಲಿನ ಉದಾಹರಣೆಯ 0.3ಕ್ಕೆ ಸುಮಾರು 11 ಮಿ.ಲೀ. ಇದನ್ನು ಒಟ್ಟಿಗೆ ಸುರಿಯದೆ ಹಲವು ಕಂತುಗಳಲ್ಲಿ, ನೀರು ಜೋರಾಗಿ ಹರಿಯುವ ಕಡೆ ಬಿಡಿ. ಕ್ಯಾಲ್ಸಿಯಂ ತುಂಬಲು ಇದರ ಜೊತೆಗೆ ಹಾಕುವ ಜೋಡಿ ದ್ರಾವಣವಾದ ಕ್ಯಾಲ್ಸಿಯಂ ಕ್ಲೋರೈಡನ್ನು ಅದೇ ಜಾಗದಲ್ಲಿ ಅದೇ ಹೊತ್ತಿಗೆ ಹಾಕಿದರೆ ಎರಡೂ ಸೇರಿ ಬಿಳಿ ಸುಣ್ಣವಾಗಿ ಉದುರುತ್ತವೆ, ಆ ಸುಣ್ಣ ಹೀಟರಿಗೂ ಪಂಪಿನ ಹೊಟ್ಟೆಗೂ ಹತ್ತುತ್ತದೆ.

ಅಂಕಿ ಕೆಳಗೆ ಬಿದ್ದಿದ್ದರೆ ಆತುರ ಬೇಡ. 8 ಇರಬೇಕಾದದ್ದು 6.2 ಆಗಿದ್ದರೆ ದಿನಕ್ಕೆ 0.5ರಂತೆ ನಾಲ್ಕು ದಿನ ಹಿಡಿಯಿರಿ. 200 ಲೀಟರಿಗೆ ದಿನಕ್ಕೆ 3 ಗ್ರಾಂ, ಇದು ದಿನದ ಖರ್ಚಿನ ಮೇಲೆ. 11ಕ್ಕೆ ಏರಿದ್ದರೆ ಆಮ್ಲ ಹಾಕಿ ಇಳಿಸುವ ಸಾಹಸಕ್ಕೆ ಹೋಗಬೇಡಿ. ಡೋಸ್ ತಗ್ಗಿಸಿ, ಹವಳ ತಿಂದು ಇಳಿಸಲಿ.

ಈ ಯಂತ್ರದ ಅತಿ ಬೆಲೆಬಾಳುವ ಉಪಯೋಗ ಇನ್ನೊಂದಿದೆ. ಡೋಸ್ ಬದಲಿಸಿಲ್ಲ, ನೀರು ಬದಲಿಸಿಲ್ಲ, ಆದರೂ ಆಲ್ಕಲಿನಿಟಿ 8.0, 8.2, 8.5 ಅಂತ ಮೇಲೆ ಹತ್ತುತ್ತಿದೆ. ಇದರರ್ಥ ಹವಳ ತಿನ್ನುವುದು ಬಿಟ್ಟಿದೆ, ಅಸ್ಥಿ ಕಟ್ಟುವುದನ್ನು ನಿಲ್ಲಿಸಿದೆ. ಬಣ್ಣ ಇನ್ನೂ ಕೆಟ್ಟಿರುವುದಿಲ್ಲ, ಪಾಲಿಪ್ ಹೊರಗೇ ಇರಬಹುದು, ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ಮಾಂಸ ಕಳಚಲು ಶುರುವಾಗುವ ಮುನ್ನ ಸಿಗುವ ಎಚ್ಚರಿಕೆ ಇದು. ಆಗ ಮಾಡಬೇಕಾದದ್ದು: ಏರಿಕೆ ನಿಲ್ಲುವಷ್ಟು ಡೋಸ್ ಇಳಿಸುವುದು, ಆಮೇಲೆ ಕಾರಣ ಹುಡುಕುವುದು. ತಾಪಮಾನ 28 ದಾಟಿದೆಯೇ? ದೀಪ ಬದಲಿಸಿ ಒಮ್ಮೆಲೇ ಬೆಳಕು ಹೆಚ್ಚಿಸಿದ್ದೀರಾ? ಫಾಸ್ಫೇಟ್ ಹೀರುವ ಮಾಧ್ಯಮ ಜಾಸ್ತಿ ಹಾಕಿ ಫಾಸ್ಫೇಟನ್ನು ಸೊನ್ನೆ ಮಾಡಿದ್ದೀರಾ? ಇವ್ಯಾವುದೂ ಅಲ್ಲದಿದ್ದರೆ ರಬ್ಬರ್ ಬಲ್ಬಿನ ಪಿಪೆಟ್ಟಿನಿಂದ ಕೊಂಬೆಗಳ ಬುಡಕ್ಕೆ ಜೋರಾಗಿ ನೀರು ಊದಿ ನೋಡಿ. ಅಕ್ರೋಪೋರಾ ತಿನ್ನುವ ಚಪ್ಪಟೆ ಹುಳು ಹವಳದ ಬಣ್ಣವನ್ನೇ ಹೊದ್ದು ಕೂತಿರುತ್ತದೆ, ಹೀಗೆ ಊದಿದಾಗ ಕಿತ್ತು ಬಂದು ಕಾಣುತ್ತದೆ. ಬುಡದ ಬೋಳು ಕಲ್ಲಿನ ಮೇಲೆ ಕಂದು ಚುಕ್ಕೆಗಳ ಗುಂಪಿದ್ದರೆ ಅವು ಅದರ ಮೊಟ್ಟೆ.

ಅಂಕಿ ಒಮ್ಮೆಲೇ ಇಳಿದರೆ ಮೊದಲ ಅನುಮಾನ ಡೋಸಿಂಗ್ ನಳಿಗೆಯ ತುದಿಯ ಮೇಲೆ. ಅಲ್ಲಿ ಸುಣ್ಣ ಕಟ್ಟಿ ಬಾಯಿ ಮುಚ್ಚಿಕೊಂಡಿರುವುದು ಬಹಳ ಸಾಮಾನ್ಯ. ಇನ್ನೊಂದು, ಉಪ್ಪಿನ ಡಬ್ಬಿ. ಕೆಲವು ಸಾಲ್ಟ್ ಮಿಕ್ಸ್‌ಗಳು 12 ಡಿಕೆಎಚ್ ಹತ್ತಿರ ಬರುತ್ತವೆ, ಕೆಲವು 7ರಲ್ಲಿ. ಟ್ಯಾಂಕು 8ರಲ್ಲಿರುವಾಗ 12ರ ನೀರನ್ನು ಶೇ. 10 ಬದಲಿಸಿದರೆ 0.4 ಏರಿಕೆ, ಶೇ. 25 ಬದಲಿಸಿದರೆ ಪೂರಾ 1. ಬಕೆಟ್ಟಿನಲ್ಲಿ ಕಲಸಿದ ಹೊಸ ನೀರನ್ನೂ ಇದೇ ಯಂತ್ರದಲ್ಲಿ ಅಳೆದು ಟ್ಯಾಂಕಿನ ಅಂಕಿಗೆ ಹತ್ತಿರದ ಉಪ್ಪನ್ನೇ ಆರಿಸಿಕೊಳ್ಳಿ.

ಚಳಿದೇಶಗಳಲ್ಲಿ ಕಿಟಕಿ ಮುಚ್ಚಿ ಕೂರುವ ತಿಂಗಳುಗಳಲ್ಲಿ ಟ್ಯಾಂಕಿನ ಪಿಎಚ್ 7.8ಕ್ಕೆ ಇಳಿಯುತ್ತದೆ, ಅದನ್ನು ನೋಡಿ ಆಲ್ಕಲಿನಿಟಿ ಏರಿಸುವ ಬಫರ್ ಪುಡಿ ಸುರಿಯುವವರು ಬಹಳ. ಪಿಎಚ್ ಇಳಿಸಿದ್ದು ಮನೆಯ ಗಾಳಿಯಲ್ಲಿ ತುಂಬಿದ ಇಂಗಾಲದ ಡೈಆಕ್ಸೈಡ್. ಅದರಿಂದ ಆಲ್ಕಲಿನಿಟಿ ಕದಲುವುದಿಲ್ಲ. ಎಚ್‌ಐ772ರಲ್ಲಿ 8 ಬರುತ್ತಿದ್ದರೆ ಪುಡಿಯ ಡಬ್ಬಿ ಮುಚ್ಚಿಡಿ, ಗಾಳಿಗುಳ್ಳೆ ಬಿಟ್ಟು ನೀರಿನ ಕೊಳೆ ತೆಗೆಯುವ ಸ್ಕಿಮ್ಮರಿನ ಗಾಳಿಯ ಕೊಳವೆಯನ್ನು ಕಿಟಕಿಯಿಂದ ಆಚೆ ಹಾಕಿ.

ಬದಲಿಗೆ ಏನಿದೆ

ಬಣ್ಣ ನೋಡಿ ಅಳೆಯುವ ಸ್ಯಾಲಿಫರ್ಟ್ ಕಂಪನಿಯ ಕಿಟ್ ಇಂದಿಗೂ ಗಟ್ಟಿ ಪ್ರತಿಸ್ಪರ್ಧಿ. 4 ಮಿ.ಲೀ. ನೀರಿಗೆ 2 ಹನಿ ಬಣ್ಣ, ಆಮೇಲೆ ಸಿರಿಂಜಿನಿಂದ ಹನಿಹನಿಯಾಗಿ ಆಮ್ಲ; ನೀಲಿಹಸಿರು ಹೋಗಿ ಕಿತ್ತಳೆ-ಗುಲಾಬಿ ಬಂದಾಗ ನಿಲ್ಲಿಸುವುದು. ಒಂದು ಪರೀಕ್ಷೆಗೆ ಬೀಳುವ ಖರ್ಚು ಕಡಿಮೆ, ಯಂತ್ರ ಕೊಳ್ಳುವ ಗೋಜಿಲ್ಲ. ಕಷ್ಟ ಬಣ್ಣ ತಿರುಗುವ ಗಳಿಗೆ ಗುರುತಿಸುವುದರಲ್ಲಿ. ರಾತ್ರಿ, ಟ್ಯಾಂಕಿನ ನೀಲಿ ದೀಪದ ಪಕ್ಕದಲ್ಲಿ ಕೂತು ನೋಡಿದರೆ ಇಬ್ಬರು ಎರಡು ಕಡೆ ನಿಲ್ಲಿಸುತ್ತಾರೆ. ಬಣ್ಣ ಗುರುತಿಸಲು ತೊಂದರೆ ಇರುವವರಿಗಂತೂ ಹ್ಯಾನಾ ವರವೇ ಸರಿ. ಮನೆಯಲ್ಲಿ ಎರಡೂ ಇದ್ದರೆ ಇನ್ನೂ ಒಳ್ಳೆಯದು: ಹ್ಯಾನಾ ವಿಚಿತ್ರವಾದ ಅಂಕಿ ಕೊಟ್ಟ ದಿನ ಡೋಸ್ ಮುಟ್ಟುವ ಮುನ್ನ ಸ್ಯಾಲಿಫರ್ಟ್ ಸಾಕ್ಷಿ ಹೇಳುತ್ತದೆ. ಎಪಿಐ ಕಂಪನಿಯ ಕಿಟ್ಟಿನಲ್ಲಿ ಒಂದು ಹನಿಗೆ 1 ಡಿಕೆಎಚ್, ಅಕ್ರೋಪೋರಾಕ್ಕೆ ಅದು ತೀರಾ ದಪ್ಪ ಅಳತೆ.

ನೆಪ್ಚೂನ್‌ನ ಟ್ರೈಡೆಂಟ್ ತರದ ಸ್ವಯಂಚಾಲಿತ ಯಂತ್ರಗಳು ದಿನಕ್ಕೆ ನಾಲ್ಕು ಸಲ ತಾವೇ ಆಲ್ಕಲಿನಿಟಿ ಅಳೆದು ಫೋನಿಗೆ ಗೆರೆ ಎಳೆದು ಕಳಿಸುತ್ತವೆ. ಬೆಲೆ ಇದರ ಹತ್ತು ಪಟ್ಟಿಗೂ ಮಿಗಿಲು. ಟ್ಯಾಂಕು ತುಂಬ ಬೆಲೆಬಾಳುವ ಅಕ್ರೋಪೋರಾ ಇಟ್ಟು ತಿಂಗಳಲ್ಲಿ ಹದಿನೈದು ದಿನ ಊರಾಚೆ ಇರುವವರಿಗೆ ಸರಿ, ಉಳಿದವರಿಗೆ ಆ ದುಡ್ಡಿನಲ್ಲಿ ಒಳ್ಳೆಯ ದೀಪ ಬರುತ್ತದೆ.

ಭಾರತದಲ್ಲಿರುವವರಿಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಎಲ್ಲ ಕಲ್ಲುಹವಳಗಳೂ ಸೇರಿವೆ, ಅಕ್ರೋಪೋರಾ ಅವುಗಳಲ್ಲೊಂದು. ನೇತ್ರಾಣಿಯಲ್ಲಿ ಡೈವಿಂಗಿಗೆ ಹೋದಾಗ, ಲಕ್ಷದ್ವೀಪದ ದಡದಲ್ಲಿ ನಡೆಯುವಾಗ ಒಂದು ಕೊಂಬೆ ಎತ್ತಿಕೊಂಡರೂ ಅದು ಅಪರಾಧ. ಅಂತರರಾಷ್ಟ್ರೀಯ ಸಾಗಾಟಕ್ಕೆ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದ ಕಾಗದಪತ್ರ ಬೇಕು. ಯಾರೋ ಫೋನಿನಲ್ಲಿ ಫೋಟೋ ಕಳಿಸಿ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಬಲೆಗೆ ಬೀಳಬೇಡಿ. ಈ ವಿಮರ್ಶೆ ಹೆಚ್ಚಾಗಿ ಉಪಯೋಗಕ್ಕೆ ಬರುವುದು ಅಮೆರಿಕ, ಬ್ರಿಟನ್ ಕಡೆ ಇದ್ದು, ಟ್ಯಾಂಕಿನಲ್ಲೇ ಬೆಳೆಸಿ ಕತ್ತರಿಸಿದ ಹವಳದ ತುಂಡುಗಳನ್ನು, ಅಂದರೆ ಫ್ರ್ಯಾಗ್‌ಗಳನ್ನು ಕಾನೂನುಬದ್ಧವಾಗಿ ಕೊಳ್ಳುವ ಕನ್ನಡಿಗರಿಗೆ.

ಕೊಳ್ಳುವಾಗ ನಂಬರ್ ಎರಡು ಸಲ ನೋಡಿ. ಎಚ್‌ಐ772 ಸಮುದ್ರನೀರಿಗೆ, ಡಿಕೆಎಚ್‌ನಲ್ಲಿ. ಎಚ್‌ಐ775 ಸಿಹಿನೀರಿನದು, ಇಲ್ಲಿ ಕೆಲಸಕ್ಕೆ ಬಾರದು. ಎಚ್‌ಐ755 ಮತ್ತೆ ಸಮುದ್ರನೀರಿನದೇ, ಆದರೆ ಪಿಪಿಎಂನಲ್ಲಿ ತೋರಿಸುತ್ತದೆ. 17.9ರಿಂದ ಭಾಗಿಸಿದರೆ ಡಿಕೆಎಚ್ ಸಿಗುತ್ತದೆ, 143 ಪಿಪಿಎಂ ಅಂದರೆ 8. ಅದರ 1 ಪಿಪಿಎಂ ಹೆಜ್ಜೆ 0.1 ಡಿಕೆಎಚ್‌ಗಿಂತ ಸಣ್ಣದು. ಏರಿಳಿತವನ್ನಷ್ಟೇ ಬೆನ್ನುಹತ್ತುವವರು, ಭಾಗಾಕಾರಕ್ಕೆ ಬೇಸರಪಡದವರು ಅದನ್ನೇ ತೆಗೆದುಕೊಂಡರೂ ನಷ್ಟವಿಲ್ಲ. ರೀಏಜೆಂಟ್ ಮಾತ್ರ ಆಯಾ ಯಂತ್ರದ ನಂಬರಿನದೇ ತನ್ನಿ: 772ಕ್ಕೆ ಎಚ್‌ಐ772-26. ವಾರಕ್ಕೆ ಎರಡು ಸಲ ಅಳೆದರೆ ಒಂದು ಬಾಟಲಿ ಮೂರು ತಿಂಗಳು ಬರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಆರು ಬಾಟಲಿ ಒಟ್ಟಿಗೆ ತಂದಿಟ್ಟರೆ ಕೊನೆಯವು ಅವಧಿ ಮೀರುತ್ತವೆ. ಬಾಟಲಿಯ ತಾರೀಖು ನೋಡಿ, ಎರಡಕ್ಕಿಂತ ಹೆಚ್ಚು ತರಬೇಡಿ, ಬಿಸಿಲು ಬೀಳದ ಕಪಾಟಿನಲ್ಲಿಡಿ. ಟ್ಯಾಂಕಿನ ಕೆಳಗಿನ ಕಪಾಟು ಯಂತ್ರಕ್ಕೂ ಬೇಡ. ಅಲ್ಲಿಯ ಉಪ್ಪಿನ ತೇವ ಸೆಲ್ ಕೂರುವ ಜಾಗದ ತಗಡನ್ನು ತುಕ್ಕು ಹಿಡಿಸುತ್ತದೆ.